ಅರ್ಥ್ ಆಗ್ತಿಲ್ಲ

ಗಂಡ: ಅರ್ಥ್ ಆಗ್ತಿಲ್ಲ.

ಹೆಂಡತಿ: ಅದು ನನಗೆ ಮದುವೆಯಾದ ವಾರದಲ್ಲೇ ಗೊತ್ತಾಯ್ತು. ನಿಮಗೆ ಇವತ್ತಾದ್ರೂ ಗೊತ್ತಾಯ್ತಲ್ಲ, ಸಂತೋಷ.

ಗಂಡ: ಅರ್ಥ ಅಲ್ಲ ಕಣೇ, ಅರ್ಥ್! ಕೊನೇ ಅಕ್ಷರ ಅರ್ಧ.

ಹೆಂಡತಿ: ಅಂದ್ರೆ ಅರ್ಧಂಬರ್ಧ ಅರ್ಥ. ಅದೂ ಸರೀನೇ.

ಗಂಡ: ಬ್ಯಾಟರಿಯಿಂದ ಹೊರಟ ಕರೆಂಟು ಗಾಡಿಯ ಮೈಯೆಲ್ಲ ಸುತ್ತಿ ವಾಪಸ್ ಬ್ಯಾಟರಿಗೇ ಬರ್ಬೇಕು. ಆ ಬರೋ ದಾರಿಗೆ ಅರ್ಥ್ ಅಂತಾರೆ. ಆ ದಾರಿ ಕೆಟ್ಟಿದೆ.

ಹೆಂಡತಿ: ಮನೆಯಿಂದ ಹೊರಟು, ಊರೆಲ್ಲ ಸುತ್ತಿ, ವಾಪಸ್ ಬರೋ ದಾರಿ ಮರೆಯೋದು. ಯಜಮಾನರ ಗುಣ ಗಾಡಿಗೂ ಬಂದಿದೆ ಅನ್ನಿ.

ಹೆಂಡತಿ ಹೀಗೆ ಮಾತನಾಡುತ್ತಿದ್ದದ್ದು ಎರಡು ಕಾಲುಗಳ ಜೊತೆ. ಮಿಕ್ಕ ಗಂಡ ವ್ಯಾನಿನ ಒಳಗಿದ್ದ. ಆ ಕಾಲದ ವ್ಯಾನುಗಳನ್ನು ಮಾಡಿದ ಪುಣ್ಯಾತ್ಮರು ಇಂಜಿನ್ನನ್ನು ಮುಂದಿನ ಸೀಟಿನ ಕೆಳಗೆ ಬಚ್ಚಿಟ್ಟಿದ್ದರು. ರಿಪೇರಿ ಅಂದರೆ ಸೀಟು ಎತ್ತಿ, ತಲೆ ಒಳಗಿಟ್ಟು, ಕಾಲು ಬೀದಿಗೆ ಚಾಚುವುದು. ಇಂಜಿನ್ ಗೊರಗೊರ ಅನ್ನುತ್ತಿತ್ತು. ಅದು ತಾನಾಗಿ ಎದ್ದದ್ದಲ್ಲ. ಬೆಳಿಗ್ಗೆ ಹೆಂಡತಿ ಹಿಂದಿನಿಂದ ತಳ್ಳಿ ಎಬ್ಬಿಸಿದ್ದು. ಅವಳಿಗೆ ಗಾಡಿ ಓಡಿಸಲೂ ಚೆನ್ನಾಗಿ ಬರುತ್ತದೆ, ಆದರೆ ಗಂಡ ಅವಳನ್ನು ಕರೆಯುವುದು ತಳ್ಳುವುದಕ್ಕೆ ಮಾತ್ರ.

ವಿಷಯ ಇಷ್ಟು. ಅವಳು ಪರದೆ ಹೊಲಿಯುವವಳು, ಅವನು ಹೊಲಿದದ್ದನ್ನು ಹೊತ್ತೊಯ್ದು ತೂಗುಹಾಕುವವನು. ಇಷ್ಟು ವರ್ಷ ಮಲಗುವ ಕೋಣೆಯ ಕಿಟಕಿಗೂ ಹಲ್ಲಿನ ಡಾಕ್ಟರ ಬಾಗಿಲಿಗೂ ಹೊಲಿದವಳಿಗೆ ಮೊದಲ ಸಲ ಊರಿನ ರಂಗಮಂದಿರದ ದೊಡ್ಡ ಪರದೆ ಸಿಕ್ಕಿತ್ತು. ಕಡುಗೆಂಪು ಮಖಮಲ್ಲು, ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಗಂಟುಗಂಟಾಗಿ ಕೂತಿತ್ತು. ಮಧ್ಯಾಹ್ನ ಎರಡಕ್ಕೆ ಅದು ಅಲ್ಲಿರಬೇಕು, ಸಂಜೆ ಏಳಬೇಕು. ವ್ಯಾನೋ ಪೆಟ್ರೋಲಿನದು, ಬ್ಯಾಟರಿ ತುಂಬದಿದ್ದರೆ ನಡುದಾರಿಯಲ್ಲಿ ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಹೋದ ವಾರ ಸೇತುವೆಯ ಮೇಲೆ ನಿಂತು ಅರ್ಧ ಊರಿನ ಬೈಗುಳ ತಿಂದು ಬಂದಿತ್ತು.

ಇದರ ಮೇಲೆ ಭಾವ. ಭಾವ ಅಂದರೆ ಹೆಂಡತಿಯ ಅಣ್ಣ. ನಿನ್ನೆ ಫೋನಿನಲ್ಲಿ, “ನಾನು ನನ್ನ ಹೊಸ ಗಾಡಿ ತರ್ತೀನಿ, ಪರದೆ ಸಾಗಿಸಿಕೊಡ್ತೀನಿ. ಆದ್ರೆ ಆ ತಗಡಿನ ಡಬ್ಬಾನ ನಾಳೆಗೇ ಗುಜರಿಗೆ ಹಾಕ್ಬೇಕು, ಗುಜರಿಯವನಿಗೆ ಹೇಳಿಯೂ ಆಯ್ತು,” ಎಂದಿದ್ದ. ಗಂಡನಿಗೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಭಾವ ಬಂದು ಮುಟ್ಟುವುದರೊಳಗೆ ವ್ಯಾನಿನ ಬ್ಯಾಟರಿ ತುಂಬತೊಡಗಬೇಕು. ಇಲ್ಲದಿದ್ದರೆ ವ್ಯಾನಿನ ಕತೆ ಮುಗಿಯಿತು.

ಗಂಡ (ಸೀಟಿನ ಕೆಳಗಿನಿಂದ): ಎಷ್ಟಿದೆ ಈಗ?

ಹೆಂಡತಿ: ಹನ್ನೊಂದೂವರೆ.

ಗಂಡ: ಅಯ್ಯೋ! ಹದಿನಾಲ್ಕು ಇರ್ಬೇಕಿತ್ತು!

ಹೆಂಡತಿ: ಹದಿನಾಲ್ಕು ಅಂದ್ರೆ ಮಧ್ಯಾಹ್ನ ಎರಡು ಗಂಟೆ. ಅಷ್ಟೊತ್ತಿಗೆ ಪರದೆ ಅಲ್ಲಿರ್ಬೇಕು ಅಂತ ಹೇಳ್ತಿದ್ರೆ, ನೀವು ಇಲ್ಲೇ ಹದಿನಾಲ್ಕು ಆಗ್ಲಿ ಅಂತೀರಲ್ಲ!

ಗಂಡ: ಗಂಟೆ ಯಾರು ಕೇಳಿದ್ರು? ವೋಲ್ಟು! ಕೈಲಿ ಮೀಟರ್ ಕೊಟ್ಟಿಲ್ವಾ? ಆ ಡಬ್ಬಿ ನೋಡಿ ಹೇಳು!

ಹೆಂಡತಿ: ಹಾಗೆ ಬಿಡಿಸಿ ಹೇಳಿ. (ಮೀಟರ್ ನೋಡಿ) ಇದೂ ಹನ್ನೊಂದೂವರೇನೇ.

ಗಂಡ: ಹಾಗಾದ್ರೆ ಚಾರ್ಜ್ ಆಗ್ತಿಲ್ಲ.

ಹೆಂಡತಿ: ನನ್ನ ಕೈಗಡಿಯಾರ ವಾಸಿ. ಅದಾದ್ರೂ ಮುಂದಕ್ಕೆ ಹೋಗುತ್ತೆ.

ಗಂಡ: ಬೆಲ್ಟ್ ಸಡಿಲ ಇದ್ರೂ ಹೀಗಾಗುತ್ತೆ. ಸ್ವಲ್ಪ ಬಗ್ಗಿ ಬೆಲ್ಟ್ ನೋಡು, ಬಿಗಿ ಇದ್ಯಾ?

ಹೆಂಡತಿ: ಕಳೆದ ವರ್ಷದ ತೂತಲ್ಲಿ ಕೂರ್ತಿಲ್ಲ, ಉಸಿರು ಕಟ್ಟೋ ಹಾಗಿದೆ. ಇನ್ನೂ ಬಿಗಿ ಮಾಡಿದ್ರೆ ನೀವು ಎರಡು ಭಾಗ ಆಗ್ತೀರ.

ಗಂಡ: ನನ್ನ ಬೆಲ್ಟ್ ಅಲ್ವೇ! ಕರೆಂಟು ಹುಟ್ಟಿಸೋ ಡೈನಮೋ ತಿರುಗಿಸೋ ಬೆಲ್ಟು!

ಹೆಂಡತಿ: ಓ, ಅದಾ. ಅದು ಚೆನ್ನಾಗಿದೆ. ಸಣ್ಣಗೆ, ನೀಟಾಗಿ, ಒಂದೇ ಸಮ ಕೆಲಸ ಮಾಡ್ತಿದೆ. ನಿಮ್ಮದರ ಹಾಗಲ್ಲ.

ಗಂಡ ಒಳಗಿನಿಂದಲೇ ಏನೋ ಅಂದುಕೊಂಡ. ಪರದೆ ರಂಗಮಂದಿರ ಮುಟ್ಟುವವರೆಗೆ ಬಾಯಿ ಬಿಗಿಹಿಡಿಯುವುದು ಕ್ಷೇಮ ಎಂದು ಅವನಿಗೆ ಗೊತ್ತಿತ್ತು. ಬೆಲ್ಟ್ ಸರಿ ಇದೆ, ಬ್ಯಾಟರಿ ಹೊಸದು, ಡೈನಮೋ ಹೋದ ವಾರವಷ್ಟೇ ಬಿಚ್ಚಿಸಿ ಹೊಸ ಕಾರ್ಬನ್ ತುಂಡು ಹಾಕಿಸಿದ್ದು. ಉಳಿದದ್ದು ಅರ್ಥ್ ಒಂದೇ.

ಹೆಂಡತಿ: ಡೈನಮೋ ಸರಿ ಆಯ್ತು ಅಂದಿದ್ರಲ್ಲ?

ಗಂಡ: ಅಂಗಡಿಲಿ ಬೆಂಚಿನ ಮೇಲೆ ಕೂರಿಸಿ ತಿರುಗಿಸಿದಾಗ ಹದಿನಾಲ್ಕು ಕೊಡ್ತು ಕಣೇ, ನಾನೇ ಕಣ್ಣಾರೆ ನೋಡಿದೆ. ಮನೆಗೆ ತಂದು ಕೂರಿಸಿದ್ರೆ ಕೊಡ್ತಿಲ್ಲ.

ಹೆಂಡತಿ: ಅದಕ್ಕೂ ಗೊತ್ತು. ಹೊರಗೆ ನಾಲ್ಕು ಜನರ ಮುಂದೆ ಮೈ ಮುರಿದು ದುಡಿಯೋದು, ಮನೆಗೆ ಬಂದ ಮೇಲೆ ಸುಮ್ಮನೆ ಕೂರೋದು. ನಿಮ್ಮ ಪಕ್ಕದಲ್ಲಿ ಇಷ್ಟು ವರ್ಷ ಕೂತಿದ್ದಕ್ಕೆ ಅಷ್ಟಾದ್ರೂ ಕಲಿಯದೆ ಇರುತ್ತಾ?

ಗಂಡ: ಉಪ್ಪು ಕಾಗದ ಕೊಡು. ಅರ್ಥ್ ತಂತಿಯ ಬುಡ ಉಜ್ಜಬೇಕು.

ಹೆಂಡತಿ: ಉಪ್ಪು ಅಡುಗೆಮನೇಲಿದೆ, ಕಾಗದ ಮೇಜಿನ ಮೇಲಿದೆ. ಯಾವುದು ಮೊದಲು?

ಗಂಡ: ನಿನಗೆ ಗೊತ್ತಿದ್ದೂ...

ಹೆಂಡತಿ: ಗೊತ್ತು, ತಗೊಳ್ಳಿ. ಕುರ್ಚಿ ಉಜ್ಜೋಕೆ ತಂದು, ಕುರ್ಚಿ ಉಜ್ಜದೆ ಮಿಕ್ಕಿಸಿದ್ದು.

ಆಗ ಗಂಡ ಕೈ ಮೇಲೆ ಚಾಚಿ, ಕೀ ತಿರುಗಿಸಿ, ಇಂಜಿನ್ ನಿಲ್ಲಿಸಿದ. ಗೊರಗೊರ ಸದ್ದು ನಿಂತಿತು.

ಹೆಂಡತಿ: ಆಫ್ ಮಾಡಿದ್ರಾ?

ಗಂಡ: ಮತ್ತೆ, ತಂತಿ ಬಿಚ್ಚಬೇಕಲ್ಲ.

ಹೆಂಡತಿ: ಆಫ್ ಮಾಡೋಕೆ ಒಂದು ಬೆರಳು ಸಾಕು. ಎಬ್ಬಿಸೋಕೆ ನನ್ನ ಎರಡು ತೋಳು ಬೇಕು. ಈ ಗಾಡಿ ಓಡ್ತಿರೋದು ಪೆಟ್ರೋಲಲ್ಲಿ ಅಂತ ನೀವು ತಿಳ್ಕೊಂಡಿದೀರ, ಪಾಪ.

ಗಂಡ: ಅರ್ಥ್ ಸರಿಯಾದ್ರೆ ಇನ್ನು ಜನ್ಮದಲ್ಲಿ ತಳ್ಳೋ ಕೆಲಸ ಇಲ್ಲ. ಇಲ್ಲೊಂದು ನಟ್ಟು ಇಟ್ಟಿದ್ದೆನಲ್ಲ, ಹತ್ತನೇ ಸೈಜಿನದ್ದು, ಎಲ್ಲಿ ಹೋಯ್ತು?

ಹೆಂಡತಿ: ಅಂಗಿ ಜೇಬಲ್ಲಿ ನೋಡಿ. ನಿಮ್ಮ ಜೇಬು ಅಂದ್ರೆ ಹಾರ್ಡ್‌ವೇರ್ ಅಂಗಡಿ. ಒಗೆಯೋಕೆ ಹಾಕೋ ಮುಂಚೆ ನಾನು ಹೆಕ್ಕದಿದ್ರೆ ವಾಷಿಂಗ್ ಮಿಷನ್ನೂ ಇಷ್ಟೊತ್ತಿಗೆ ನಿಮ್ಮ ಸೀಟಿನ ಕೆಳಗೆ ಇರ್ತಿತ್ತು. ನಟ್ಟು, ಬೋಲ್ಟು, ವಾಷರ್ರು, ಒಂದು ಸಲ ಗಾಜಿನ ಮಣಿ. ಎಲ್ಲ ಗುಂಡಿ ಡಬ್ಬಿಲಿ ಹಾಕಿಟ್ಟಿದೀನಿ.

ನಟ್ಟು ಜೇಬಿನಲ್ಲೇ ಇತ್ತು. ಇಂಜಿನ್ನಿನಿಂದ ಗಾಡಿಯ ಮೈಗೆ ಬಿಗಿದಿದ್ದ ದಪ್ಪ ತಂತಿಯ ಬುಡದಲ್ಲಿ ತುಕ್ಕು ಹಿಡಿದಿತ್ತು. ಗಂಡ ಅದನ್ನು ಉಜ್ಜಿ ಉಜ್ಜಿ ಮಿಂಚಿಸಿದ. ಬಿಗಿದ. ಹೊರಗೆ ಬಂದು ಹಣೆ ಒರೆಸಿಕೊಂಡಾಗ ಹಣೆಯ ಮೇಲೆ ನಾಲ್ಕು ಕಪ್ಪು ಗೆರೆ ಮೂಡಿದವು. ಹೆಂಡತಿ ಅದನ್ನು ನೋಡಿದಳು, ಹೇಳಲಿಲ್ಲ. ಹಾಗೇ ಇರಲಿ ಅನ್ನಿಸಿತೇನೋ.

ಗಂಡ: ಹೂಂ. ತಳ್ಳು.

ಹೆಂಡತಿ: ಕಡೇ ಸಲ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಳ್ಳಿದಳು. ಬೀದಿ ಇಳಿಜಾರಾಗಿತ್ತು, ಅದೊಂದು ಪುಣ್ಯ. ವ್ಯಾನು ಹತ್ತು ಮಾರು ಉರುಳಿ, ಗಕ್ಕನೆ ಎಗರಿ, ಹೊಗೆ ಬಿಟ್ಟು ಎದ್ದಿತು. ಗಂಡ ಬೀದಿ ಸುತ್ತಿ ಮತ್ತೆ ಮನೆಯ ಮುಂದೆ ತಂದು ನಿಲ್ಲಿಸಿದ. ಮೀಟರಿನ ಎರಡು ಕಡ್ಡಿ ಬ್ಯಾಟರಿಗೆ ಹಿಡಿದ. ಅವನ ಮುಖ ನೋಡಿದರೆ ಸಾಕಿತ್ತು, ಮೀಟರ್ ನೋಡಬೇಕಿರಲಿಲ್ಲ.

ಹೆಂಡತಿ: ಎಷ್ಟು?

ಗಂಡ: ಹನ್ನೊಂದೂ ಕಾಲು.

ಹೆಂಡತಿ: ಭೇಷ್! ನೀವು ರಿಪೇರಿ ಮಾಡಿದ್ದಕ್ಕೆ ಕಾಲು ಕಡಿಮೆಯಾಯ್ತು. ಇನ್ನೂ ನಾಲ್ಕು ಸಲ ರಿಪೇರಿ ಮಾಡಿ, ಸೊನ್ನೆಗೆ ಬಂದ್ರೆ ನೆಮ್ಮದಿ.

ಈ ಮಾತಿಗೆ ವ್ಯಾನೂ ತಲೆದೂಗಿತು. ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು. ಗಂಡ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಕೂತ. ಮದುವೆಯಾಗಿ ಹೊಸಮನೆಗೆ ಬಂದಾಗ ಇದೇ ವ್ಯಾನಿನಲ್ಲಿ ಹೊಲಿಗೆ ಮಿಷನ್ನನ್ನು ಮಡಿಲಲ್ಲಿಟ್ಟುಕೊಂಡು ಅವಳು ಪಕ್ಕದಲ್ಲಿ ಕೂತಿದ್ದಳು. ಆ ದಿನ ಅವಳು ದಾರಿಯುದ್ದಕ್ಕೂ ಒಂದು ಮಾತೂ ಆಡಿರಲಿಲ್ಲ. ಅಂಥ ದಿನ ಮತ್ತೆ ಬರಲಿಲ್ಲ, ಆ ಮಾತು ಬೇರೆ.

ತಲೆಯೆತ್ತಿ ನೋಡಿದರೆ ಕನ್ನಡಿಯಲ್ಲಿ ಭಾವ. ಅವನ ಹೊಸ ಗಾಡಿ ಯಾವಾಗ ಬಂದು ಹಿಂದೆ ನಿಂತಿತೋ ಗೊತ್ತೇ ಆಗಿರಲಿಲ್ಲ. ಪೆಟ್ರೋಲಿಲ್ಲದ, ಹೊಗೆಯಿಲ್ಲದ, ಸದ್ದೇ ಇಲ್ಲದ ಎಲೆಕ್ಟ್ರಿಕ್ ವ್ಯಾನು. ಬೆಕ್ಕು ಬಂದಂತೆ ಬಂದಿತ್ತು.

ಭಾವ: ಏನ್ ಯಜಮಾನ್ರೇ, ಪಕ್ಕದ ಸೀಟ್ ಎತ್ತಿದೀರ, ಮೊಟ್ಟೆ ಇಟ್ಟಿದ್ಯಾ ಅಂತ ನೋಡ್ತಿದ್ರಾ?

ಗಂಡ: ಬನ್ನಿ ಭಾವ. ಚಾರ್ಜ್ ಸ್ವಲ್ಪ ಕೈ ಕೊಟ್ಟಿದೆ.

ಭಾವ: ಡೈನಮೋ, ಬೆಲ್ಟು, ಕಾರ್ಬನ್ನು... ಅಜ್ಜನ ಕಾಲದ ಕಾಯಿಲೆಗಳು. ನನ್ನ ಗಾಡಿಲಿ ಅದ್ಯಾವುದೂ ಇಲ್ಲ. ಕೆಡೋಕೆ ಏನಾದ್ರೂ ಇದ್ರೆ ತಾನೆ ಕೆಡೋದು? (ತಂಗಿಯ ಕಡೆ ತಿರುಗಿ) ಎಲ್ಲಿ ಗಂಟು, ತೆಗಿಯಮ್ಮ. ನಾನಿಲ್ಲದಿದ್ರೆ ಇವತ್ತು ನಿನ್ನ ಪರದೆ ಏಳ್ತಿತ್ತಾ?

ಹೆಂಡತಿಯ ಮುಖ ಬಿಗಿಯಿತು. ಈ ಮಾತನ್ನು ಮುಂದಿನ ಹತ್ತು ವರ್ಷ ಎಲ್ಲ ಮದುವೆಮನೆಗಳಲ್ಲಿ, ಎಲ್ಲ ಪಂಕ್ತಿಗಳಲ್ಲಿ ಕೇಳಬೇಕಾಗುತ್ತದೆ ಎಂಬುದು ಅವಳಿಗೆ ಆಗಲೇ ಕಂಡಿತ್ತು.

ಭಾವ: ಆದ್ರೆ ಒಂದು ಚೂರು ತಡೀರಿ. ನಿಮ್ಮ ಮನೇಲಿ ಪ್ಲಗ್ ಪಾಯಿಂಟ್ ಎಲ್ಲಿದೆ?

ಗಂಡ: ಯಾಕೆ ಭಾವ, ಫೋನ್ ಚಾರ್ಜ್ ಮಾಡ್ಬೇಕಾ?

ಭಾವ: ಫೋನ್ ಅಲ್ಲ. ಗಾಡಿ. ದಾರಿಲಿ ಚಾರ್ಜ್ ಮಾಡೋ ಜಾಗದಲ್ಲಿ ಉದ್ದ ಸಾಲಿತ್ತು. ತಂಗಿ ಕಾಯ್ತಾಳಲ್ಲ ಅಂತ ಬಿಟ್ಟು ಬಂದೆ. ಇನ್ನು ಮೂರು ಪರ್ಸೆಂಟ್ ಇದೆ.

ಗಂಡ ವ್ಯಾನಿನಿಂದ ನಿಧಾನವಾಗಿ ಇಳಿದ. ಬೆಳಗಿನಿಂದ ಮೊದಲ ಬಾರಿಗೆ ಅವನ ಬೆನ್ನು ನೇರವಾಯಿತು.

ಗಂಡ: ಮೂರು! ನಮ್ಮದರಲ್ಲಿ ಹನ್ನೊಂದೂ ಕಾಲು ಇದೆ ಭಾವ.

ಹೆಂಡತಿ: ಇವರದು ಚಾರ್ಜ್ ಆಗ್ತಿಲ್ಲ, ನಿನ್ನದು ಚಾರ್ಜ್ ಮಾಡಿಲ್ಲ. ನನ್ನ ಅದೃಷ್ಟಕ್ಕೆ ಎರಡು ಕಡೆಯೂ ಗಂಡಸರು. ಮನೆ ಪ್ಲಗ್ಗಲ್ಲಿ ಹಾಕಿದ್ರೆ ಯಾವಾಗ ತುಂಬುತ್ತಣ್ಣ?

ಭಾವ: ರಾತ್ರಿ ಊಟದ ಹೊತ್ತಿಗೆ. ಆದ್ರೆ ನಮಗೆ ಪೂರ್ತಿ ಬೇಡ. ಒಂದು ಗಂಟೆ ಹಾಕಿದ್ರೆ ರಂಗಮಂದಿರದವರೆಗೆ ಉಸಿರು ಹಿಡ್ಕೊಂಡು ಹೋಗುತ್ತೆ.

ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತು ಆ ಜಾಗದಲ್ಲಿ ಭಾವನ ದಪ್ಪ ವೈರು ಸಿಕ್ಕಿಸಿದರು. ವೈರು ಕಿಟಕಿಯಿಂದ ಇಳಿದು, ಹೂಕುಂಡ ದಾಟಿ, ಬೀದಿಗೆ ಬಂದು ಹೊಸ ಗಾಡಿಯ ಮೂತಿಗೆ ಸೇರಿತು. ಹಸಿರು ದೀಪ ಬರಬೇಕಿತ್ತಂತೆ. ಕೆಂಪು ಬಂತು. ಭಾವ ಫೋನು ತೆಗೆದು ನೋಡಿದ, ಕನ್ನಡಕ ಹಾಕಿ ನೋಡಿದ, ಕನ್ನಡಕ ತೆಗೆದು ನೋಡಿದ.

ಹೆಂಡತಿ: ಏನಂತೆ?

ಭಾವ: ಅರ್ಥ್ ಆಗ್ತಿಲ್ಲ.

ಹೆಂಡತಿ: ನಿನಗೂನಾ?

ಭಾವ: ನನಗಲ್ಲಮ್ಮ, ಗಾಡಿಗೆ. ನಿಮ್ಮ ಪ್ಲಗ್ಗಿನ ಮೂರನೇ ತೂತಲ್ಲಿ ಅರ್ಥ್ ಇಲ್ಲವಂತೆ. ಅರ್ಥ್ ಇಲ್ಲದ ಕಡೆ ಚಾರ್ಜ್ ತಗೊಳಲ್ಲ ಅಂತ ಹಟ ಹಿಡಿದಿದೆ.

ಗಂಡ: ಎಂಥಾ ಸೂಕ್ಷ್ಮ ಭಾವ ನಿಮ್ಮ ಗಾಡಿದು! ನಮ್ಮ ಗಾಡಿ ಕೆಟ್ಟರೂ ನಾಲ್ಕು ತಳ್ಳು ತಳ್ಳಿದ್ರೆ ಎದ್ದು ಬರುತ್ತೆ. ನಿಮ್ಮದಕ್ಕೆ ಅರ್ಥ ಬೇಕು, ಭಾವ ಬೇಕು, ಭಾವಾರ್ಥ ಬೇಕು.

ಹೆಂಡತಿ: ರೀ, ಆ ಪ್ಲಗ್ ಹಾಕಿದ್ದು ಯಾರು?

ಗಂಡ: ಯಾವ ಪ್ಲಗ್?

ಹೆಂಡತಿ: ಕರೆಂಟಿನವರಿಗೆ ಹೇಳೋದು ಯಾಕೆ, ಎರಡು ತಂತಿ ಸಾಕು, ಮೂರನೇದು ಶೋಕಿಗೆ ಅಂತ ನಮ್ಮನೇಲಿ ಯಾರೋ ಒಬ್ಬರು ಹೇಳಿ ಹಾಕಿದ ಪ್ಲಗ್.

ಗಂಡ ಮತ್ತೆ ವ್ಯಾನಿನ ಸೀಟಿನ ಕೆಳಗೆ ತಲೆ ಇಟ್ಟ. ಅಲ್ಲಿ ಎಷ್ಟೋ ತಂಪಾಗಿತ್ತು. ಭಾವ ಗುಜರಿಯವನಿಗೆ ಫೋನು ಹಚ್ಚಿ, ಗಾಡಿ ರೆಡಿ ಇದೆ, ಬರುವಾಗ ಪರದೆ ಸಾಗಿಸೋಕೆ ಒಂದು ಲಾರಿನೂ ತಾ ಎನ್ನತೊಡಗಿದ. ಗುಜರಿಯವನ ಲಾರಿಯಲ್ಲಿ, ತುಕ್ಕು ಹಿಡಿದ ಬೀರುಗಳ ಮೇಲೆ, ಕಡುಗೆಂಪು ಮಖಮಲ್ಲು! ಹೆಂಡತಿ ಹತ್ತಿರ ಬಂದು, ಗಂಡನ ಕಾಲುಗಳ ಪಕ್ಕದಲ್ಲಿ ಕೂತಳು. ಅವಳ ದನಿ ಇಳಿದಿತ್ತು.

ಹೆಂಡತಿ: ನೋಡಿ, ಆ ಪರದೆ ನಾನು ಹೊಲಿದಿದ್ದು. ನನ್ನ ಗಾಡಿಲಿ ಹೋಗ್ಬೇಕು. ಅಣ್ಣನ ಗಾಡಿಲೂ ಬೇಡ, ಗುಜರಿ ಲಾರಿಲೂ ಬೇಡ. ಈ ದರಿದ್ರ ಡಬ್ಬದಲ್ಲೇ ಹೋಗ್ಬೇಕು.

ಗಂಡ ತಲೆ ಹೊರಗೆ ತೆಗೆದು ಅವಳನ್ನೇ ನೋಡಿದ. ಇಷ್ಟು ದಿನ ಗಾಡಿ ತನ್ನೊಬ್ಬನದೇ ಹಟ ಎಂದುಕೊಂಡಿದ್ದ.

ಗಂಡ: ನನಗೆ ಗೊತ್ತಿದ್ದಿದ್ದೆಲ್ಲ ಮಾಡಾಯ್ತು ಕಣೇ.

ಹೆಂಡತಿ: ಗೊತ್ತಿಲ್ಲದ್ದನ್ನ ಮಾಡಿದ್ದು ಏನಾದ್ರೂ ಇದ್ಯಾ? ನನ್ನ ಹೊಲಿಗೆ ಮಿಷನ್ ಕೆಟ್ಟಾಗ ನಾನು ಕೇಳ್ಕೊಳ್ಳೋದು ಒಂದೇ ಮಾತು. ಕೆಡೋ ಮುಂಚೆ ಕೊನೆಗೆ ಕೈ ಹಾಕಿದ್ದು ಎಲ್ಲಿ? ತೊಂದರೆ ಅಲ್ಲೇ ಇರುತ್ತೆ.

ಗಂಡ: ಎಲ್ಲೂ ಹಾಕಿಲ್ಲ.

ಹೆಂಡತಿ: ಆ ಡೈನಮೋಗೆ ಎಷ್ಟು ತಂತಿ ಇದೆ?

ಗಂಡ: ಒಂದು ದಪ್ಪದ್ದು, ಬ್ಯಾಟರಿಗೆ. ಒಂದು ಸಣ್ಣದು. ದಾರದ ಹಾಗೆ.

ಹೆಂಡತಿ: ಆ ಸಣ್ಣದು ಎಲ್ಲಿಗೆ ಹೋಗುತ್ತೆ?

ಗಂಡ: ಮೇಲೆಲ್ಲೋ ಹೋಗುತ್ತೆ.

ಹೆಂಡತಿ: ಎಲ್ಲೋ ಅನ್ನೋದು ಯಾವ ಕಡೆ? ದಾರ ಅಂದ ಮೇಲೆ ಅದಕ್ಕೊಂದು ತುದಿ ಇರುತ್ತೆ. ನೀವು ಅಲ್ಲಿಂದ ಜಗ್ಗಿ, ನಾನು ಹಿಡ್ಕೊಂಡು ಹೋಗ್ತೀನಿ.

ದಾರದ ತುದಿ ಹುಡುಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಂಡ ಕೆಳಗೆ ಜಗ್ಗಿದ, ಅವಳು ಮೇಲೆ ಬೆರಳಾಡಿಸಿದಳು. ತಂತಿ ಸೀಟಿನ ಪಕ್ಕದಿಂದ ಹತ್ತಿ, ಸ್ಟೇರಿಂಗಿನ ಹಿಂದೆ ನುಸುಳಿ, ಸ್ಪೀಡು ತೋರಿಸುವ ಗಾಜಿನ ಹಿಂಬದಿಗೆ ಹೋಯಿತು. ಅಲ್ಲಿಗೆ ಬರುತ್ತಿದ್ದಂತೆ ಗಂಡ ಜಗ್ಗುವುದನ್ನು ನಿಲ್ಲಿಸಿದ.

ಹೆಂಡತಿ: ಜಗ್ಗಿ!

ಗಂಡ: ಸಾಕು ಬಿಡು. ಅದು ಸುಮ್ಮನೆ ದೀಪದ ತಂತಿ.

ಹೆಂಡತಿ: ಯಾವ ದೀಪ? ಇಲ್ಲಿ ಖಾಲಿ ತೂತಿದೆಯಲ್ಲ?

ಗಂಡ: ಅಲ್ಲೊಂದು ಕೆಂಪು ದೀಪ ಇತ್ತು. ಬ್ಯಾಟರಿ ಚಿತ್ರದ್ದು.

ಹೆಂಡತಿ: ಇತ್ತು ಅಂದ್ರೆ?

ಗಂಡ: ಕೀ ತಿರುಗಿಸಿದ ತಕ್ಷಣ ಕೆಂಪಗೆ ಕಣ್ಣು ಬಿಡ್ತಿತ್ತು ಕಣೇ. ಗಾಡಿ ಇನ್ನೂ ಹೊರಟೇ ಇರಲ್ಲ, ಆಗಲೇ ಕೊಂಕು! ಏನೂ ಆಗಿರಲ್ಲ, ಆದ್ರೂ ದುರುಗುಟ್ಟೋದು. ಮನೇಲೂ ಇದೇ, ಗಾಡಿಲೂ ಇದೇ ಆದ್ರೆ ಮನುಷ್ಯ ಎಲ್ಲಿಗೆ ಹೋಗ್ಬೇಕು? ಒಂದು ದಿನ ತಡೀಲಾರದೆ...

ಹೆಂಡತಿ: ತಡೀಲಾರದೆ?

ಗಂಡ: ಕಿತ್ತುಬಿಟ್ಟೆ.

ಆ ಕಡೆ ಭಾವ ಫೋನಿನ ಬಾಯಿ ಮುಚ್ಚಿಕೊಂಡು ಕಿವಿಗೊಟ್ಟ.

ಹೆಂಡತಿ: ಯಾವತ್ತು ಕಿತ್ತಿದ್ದು?

ಗಂಡ: ಹಲ್ಲಿನ ಡಾಕ್ಟರ ಪರದೆ ಕೊಡೋಕೆ ಹೋದ ದಿನ.

ಹೆಂಡತಿ: ಮೊದಲ ಸಲ ತಳ್ಳಿದ್ದು?

ಗಂಡ: ಅದೇ ವಾರ.

ಹೆಂಡತಿ: ಆಮೇಲೆ ಹೊಸ ಬ್ಯಾಟರಿ ತಂದ್ರಿ, ಡೈನಮೋ ಬಿಚ್ಚಿಸಿದ್ರಿ, ಸೇತುವೆ ಮೇಲೆ ನನ್ನ ಕೈಲಿ ಮೆರವಣಿಗೆ ಮಾಡಿಸಿದ್ರಿ. ಡೈನಮೋ ಅಂಗಡಿಯವನು ಏನೂ ಕೇಳಲಿಲ್ವಾ?

ಗಂಡ: ಕೇಳಿದ. ದೀಪ ಹತ್ತುತ್ತಾ ಅಂದ. ಹೆಡ್‌ಲೈಟು, ಹಿಂದಿನ ಲೈಟು, ಒಳಗಿನ ಲೈಟು ಎಲ್ಲಾ ಹತ್ತುತ್ತೆ ಅಂದೆ. ಹಾಗಾದ್ರೆ ಸರಿ ಅಂದ. (ಇದ್ದಕ್ಕಿದ್ದಂತೆ ನಿಂತು) ಅಯ್ಯೋ... ಅವನು ಕೇಳಿದ್ದು ಈ ದೀಪ!

ಹೆಂಡತಿ: ಇದಕ್ಕೂ ಅದಕ್ಕೂ ಏನು ಸಂಬಂಧ?

ಗಂಡ: ಡೈನಮೋ ತಾನಾಗಿ ಏಳಲ್ಲ ಕಣೇ. ಮೊದಲು ಬ್ಯಾಟರಿಯಿಂದ ಒಂದು ಚೂರು ಕರೆಂಟು ಬಂದು ಎಬ್ಬಿಸ್ಬೇಕು. ಆ ಚೂರು ಬರೋದು ಈ ಸಣ್ಣ ತಂತಿಲಿ. ಈ ತಂತಿ ಬರೋದು ಆ ದೀಪದ ಮೂಲಕ. ದೀಪ ಕಿತ್ತರೆ ಎಬ್ಬಿಸೋರೇ ಇಲ್ಲ.

ಹೆಂಡತಿ: ಅಂದ್ರೆ, ಬೆಳಿಗ್ಗೆ ಎದ್ದ ತಕ್ಷಣ ಕೆಂಪಗೆ ಕಣ್ಣು ಬಿಟ್ಟು ಗೊಣಗೋರು ಒಬ್ಬರು ಇಲ್ಲದಿದ್ರೆ, ಅದು ಕೆಲಸಾನೇ ಮಾಡಲ್ಲ.

ಗಂಡ: ಹಾಗೂ ಹೇಳ್ಬಹುದು.

ಹೆಂಡತಿ: ಹಾಗೇ ಹೇಳ್ಬೇಕು. ಇನ್ನೊಂದು ಸಲ ಹೇಳಿ, ಅಣ್ಣನಿಗೂ ಕೇಳಿಸ್ಲಿ.

ಭಾವ: ಕೇಳಿಸ್ತಮ್ಮ, ಚೆನ್ನಾಗಿ ಕೇಳಿಸ್ತು. ಆದ್ರೆ ಆ ದೀಪ ಎಲ್ಲಿ ಈಗ? ಈ ಗಾಡಿದು ಈಗ ಯಾವ ಅಂಗಡಿಲೂ ಸಿಗಲ್ಲ. ಸ್ಟೀಮ್ ಇಂಜಿನ್ ಪಕ್ಕದಲ್ಲಿ ವಸ್ತುಸಂಗ್ರಹಾಲಯದಲ್ಲಿ ಸಿಗಬಹುದು.

ಗಂಡ ಜೇಬು ತಡಕಿದ. ಪ್ಯಾಂಟಿನ ಜೇಬು, ಹಿಂದಿನ ಜೇಬು, ಉಪಕರಣದ ಡಬ್ಬಿ. ಅವನ ಮುಖ ಇಳಿಯುತ್ತಾ ಬಂತು.

ಗಂಡ: ಅವತ್ತು ಅಂಗಿ ಜೇಬಲ್ಲಿ ಹಾಕ್ಕೊಂಡೆ ಅಂತ ನೆನಪು. ಇಷ್ಟೇ ಇಷ್ಟಿತ್ತು. ಕಡಲೆ ಗಾತ್ರ, ಗಾಜಿನದು...

ಅವನು ಮಾತು ಮುಗಿಸುವಷ್ಟರಲ್ಲಿ ಹೆಂಡತಿ ಒಳಗೆ ಓಡಿದ್ದಳು. ಗುಂಡಿ ಡಬ್ಬಿಯನ್ನು ಮಖಮಲ್ಲಿನ ಗಂಟಿನ ಮೇಲೆ ಬಗ್ಗಿಸಿ, ಬಿಳಿ ಗುಂಡಿ, ಕರಿ ಗುಂಡಿ, ನಟ್ಟು ಬೋಲ್ಟುಗಳ ನಡುವೆ ಕೈಯಾಡಿಸಿ, ಹೊರಗೆ ಬಂದಳು. ಅಂಗೈ ಚಾಚಿದಳು.

ಹೆಂಡತಿ: ಇದಾ?

ಗಂಡ: ಇದೇ! ಇಷ್ಟು ದಿನ ನಿನ್ನ ಹತ್ತಿರಾನೇ ಇತ್ತಾ? ಹೇಳ್ಬಾರದಿತ್ತಾ?

ಹೆಂಡತಿ: ಗಾಜಿನ ಮಣಿ ಅಂತ ಇಟ್ಕೊಂಡಿದ್ದೆ. ಗಂಡನ ಜೇಬಲ್ಲಿ ಸಿಕ್ಕಿದ್ದನ್ನೆಲ್ಲ ಇದೇನು ಅದೇನು ಅಂತ ಕೇಳ್ತಾ ಕೂತ್ರೆ ಸಂಸಾರ ನಡೆಯುತ್ತಾ?

ಗಂಡ ಮಣಿಯನ್ನು ಖಾಲಿ ತೂತಿಗೆ ಸಿಕ್ಕಿಸಿದ. ಕೀ ತಿರುಗಿಸಿದ. ಪುಟ್ಟ ಕೆಂಪು ದೀಪ ಕಣ್ಣು ಬಿಟ್ಟು ದುರುಗುಟ್ಟಿತು. ಅಷ್ಟು ಮುದ್ದಾಗಿ ಯಾರೂ ತನ್ನನ್ನು ದುರುಗುಟ್ಟಿ ನೋಡಿಲ್ಲ ಅನ್ನಿಸಿತು ಅವನಿಗೆ.

ಗಂಡ: ಸರಿ, ಇಳಿಜಾರಿದೆ. ಒಂದೇ ಒಂದು ಸಲ ತಳ್ಳಿಬಿಡು.

ಹೆಂಡತಿ: ಇಳೀರಿ.

ಗಂಡ: ಏನು?

ಹೆಂಡತಿ: ಇಳೀರಿ ಅಂದೆ. ನನಗೆ ಗಾಡಿ ಓಡಿಸೋಕೆ ಬರುತ್ತೆ. ನಿಮಗೆ ತಳ್ಳೋಕೆ ಬರುತ್ತಾ ಇಲ್ವಾ ಅಂತ ಇವತ್ತು ನೋಡೋಣ. ಅಣ್ಣ, ಮೊದಲು ಗಂಟು ಒಳಗೆ ಹಾಕು, ಆಮೇಲೆ ನೀನೂ ತಳ್ಳೋಕೆ ಬಾ. ನಿನ್ನ ಗಾಡಿಲಿ ಹೇಗೂ ಅರ್ಥ ಇಲ್ಲ.

ಗಂಟುಗಳು ಒಳಗೆ ಹೋದವು. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಭಾವನ ಇಸ್ತ್ರಿಯ ಅಂಗಿ ಬೆನ್ನಿನ ಮೇಲೆ ಮೊದಲ ಹೆಜ್ಜೆಗೇ ಬೆವರಿತು. ಮಖಮಲ್ಲಿನ ಭಾರ ಸೇರಿ ವ್ಯಾನು ಕದಲಲು ಒಪ್ಪಲಿಲ್ಲ.

ಭಾವ (ಏದುತ್ತಾ): ಇದು... ಪ್ರತಿದಿನ... ಅವಳೊಬ್ಬಳೇ... ತಳ್ತಿದ್ಲಾ?

ಗಂಡ (ಏದುತ್ತಾ): ಹೂಂ.

ಭಾವ: ಪಾಪಿ ಕಣ್ರೀ ನೀವು.

ಗಂಡ: ಗೊತ್ತು. ಈಗ... ತಾನೇ... ಗೊತ್ತಾಯ್ತು.

ವ್ಯಾನು ಉರುಳಿತು, ಎಗರಿತು, ಇಬ್ಬರ ಮುಖಕ್ಕೂ ಸಮನಾಗಿ ಹೊಗೆ ಹಂಚಿ ಎದ್ದಿತು. ಬೀದಿಯ ಕೊನೆಯಲ್ಲಿ ಹೆಂಡತಿ ಇಂಜಿನ್ ನಿಲ್ಲಿಸದೆ ಕಾದಳು. ಇಬ್ಬರೂ ಓಡಿ ಬಂದರು. ಕೆಂಪು ದೀಪ ಆರಿತ್ತು. ಗಂಡ ಮೀಟರಿನ ಕಡ್ಡಿ ಹಿಡಿದ, ಸಂಖ್ಯೆ ಹನ್ನೆರಡು ದಾಟಿ, ಹದಿಮೂರು ದಾಟಿ, ಹದಿನಾಲ್ಕಕ್ಕೆ ಬಂದು ನಿಂತಿತು.

ಗಂಡ: ಹದಿನಾಲ್ಕು! ಹದಿನಾಲ್ಕು ಆಯ್ತು ಕಣೇ!

ಹೆಂಡತಿ: ಬಾಯಿಬಿಟ್ಟು ನಿಂತ್ರೆ ನಿಜವಾಗ್ಲೂ ಹದಿನಾಲ್ಕಾಗುತ್ತೆ. ಹತ್ತಿ!

ಗಂಡ ಪಕ್ಕದ ಸೀಟಿಗೆ ಹತ್ತಿದ. ಭಾವನಿಗೆ ಹಿಂದೆ ಗಂಟುಗಳ ಮೇಲೆ ಜಾಗ ಸಿಕ್ಕಿತು. ತಿರುವಿನಲ್ಲಿ ಅವನು ಗುಜರಿಯವನಿಗೆ ಮತ್ತೆ ಫೋನು ಹಚ್ಚಿದ.

ಭಾವ: ಹಲೋ... ಬೇಡಪ್ಪ, ಬರೋದು ಬೇಡ. ಏನು? ಮನೆ ಮುಂದೆ ಬಂದಿದೀಯಾ? ಅಲ್ಲಿ ಅಲ್ಲಾಡದೆ ನಿಂತಿರೋ ಗಾಡಿ ಯಾವುದು ಅಂದ್ರೆ... ಅಯ್ಯೋ, ಅದನ್ನ ಮುಟ್ಟಬೇಡ! ಅದು ನನ್ನದು! ಹೊಸದು!

ಸೇತುವೆ ಬಂತು. ವ್ಯಾನು ಕೆಮ್ಮದೆ ದಾಟಿತು. ಗಂಡ ಆರಿದ ದೀಪವನ್ನೇ ನೋಡುತ್ತಿದ್ದ. ಸಂತೋಷಕ್ಕೆ ಅವನ ಕಣ್ಣು ತುಂಬಿಬಂದಿತ್ತು, ಹೊಗೆ ಎಂದು ಒರೆಸಿಕೊಂಡ.

ಗಂಡ: ನೋಡು, ಹೊರಡೋ ಮುಂಚೆ ಒಂದು ಸಲ ಗದರುತ್ತೆ. ಆಮೇಲೆ ದಾರಿಯುದ್ದಕ್ಕೂ ಎಲ್ಲರಿಗೂ ಕರೆಂಟ್ ಕೊಡ್ತಾ ಇರುತ್ತೆ. ಥೇಟ್ ನೀನೇ.

ಹೆಂಡತಿ: ಈಗ ತಿಳೀತಾ?

ಗಂಡ: ಒಂದೇ ಒಂದು ವ್ಯತ್ಯಾಸ. ಅದು ಆಮೇಲೆ ಸುಮ್ಮನಾಗುತ್ತೆ.

ಹೆಂಡತಿಯ ಎಡಗೈ ಸ್ಟೇರಿಂಗ್ ಮೇಲೇ ಇತ್ತು. ಬಲಗೈ ನಿಧಾನವಾಗಿ ಕೀ ಮೇಲೆ ಹೋಗಿ ಕೂತಿತು.

ಹೆಂಡತಿ: ಬ್ಯಾಟರಿ ಇನ್ನೂ ತುಂಬಿಲ್ಲ. ಈಗ ಆಫ್ ಮಾಡಿದ್ರೆ ಮತ್ತೆ ತಳ್ಳಬೇಕು. ಅರ್ಥ ಆಯ್ತಾ?

ಗಂಡ ಬಾಯಿ ತೆರೆಯುವ ಮೊದಲೇ, ಹಿಂದೆ ಮಖಮಲ್ಲಿನ ಗಂಟುಗಳ ನಡುವಿನಿಂದ ಉತ್ತರ ಬಂತು.

ಭಾವ: ಆಯ್ತಮ್ಮಾ! ಇಬ್ಬರಿಗೂ ಅರ್ಥ ಆಯ್ತು!